ಕುರ್ಚಿಯ ಮೇಲಿನ ಟವೆಲ್

“ಆ ಟವೆಲ್ ತೆಗೀಬ್ಯಾಡ್ರಿ, ನಮ್ ಸೊಸಿ ಜಾಗಾ ಅದ!”

ಬೀದರಿನ ಗ್ರಂಥಾಲಯದಲ್ಲಿ ಓದುತ್ತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಖಾಲಿ ಉಳಿದಿದ್ದ ಒಂದೇ ಕುರ್ಚಿಯ ಮೇಲಿನ ಟವೆಲ್ ಎತ್ತಿ ನಾನು ಕೂರುವುದರಲ್ಲಿದ್ದೆ. ಕೂಗಿದ್ದು ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು. ಭಾಲ್ಕಿ ಕಡೆಯ ಹಲಬರ್ಗಾದಿಂದ ಮೊದಲ ಬಸ್ಸಿಗೇ ಬಂದವರಂತೆ. ಸೊಸೆ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳು ಹೊರಗೆ ಕೂಸಿಗೆ ಹಾಲುಣಿಸಿ ಬರುವವರೆಗೆ ಕುರ್ಚಿಗೆ ಅತ್ತೆಯ ಕಾವಲು.

ನಾನು ನಿವೃತ್ತ ಮಾಸ್ತರ. ಶಿಸ್ತು ಹೇಳುವ ಚಾಳಿ ಇನ್ನೂ ಬಿಟ್ಟಿಲ್ಲ. “ಟವೆಲ್ ಹಾಕಿ ಸೀಟ್ ಹಿಡೀಲಿಕ್ಕ ಇದೇನ್ ಬಸ್ಸೇನ್ರಿ ಅಕ್ಕಾ?” ಎಂದೆ.

ಆಕೆ ಅಳುಕಲಿಲ್ಲ. “ಬಸ್ಸಿನ್ಯಾಗ ನಿಂತೇ ಬಂದೀವ್ರಿ. ನಿಂತು ಪರೀಕ್ಷಾಕ್ಕ ಓದ್ಲಿಕ್ಕಾಗ್ತದೇನ್ರಿ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಳಗೆ ಬಂದ ಸೊಸೆ ನಾಚಿಕೊಂಡು, ನೀವೇ ಕೂತುಕೊಳ್ಳಿ ಎಂದು ನನಗೆ ಹೇಳಿದಳು. ಅತ್ತೆ ಕೇಳಬೇಕಲ್ಲ! ಕೂಸನ್ನು ಕಂಕುಳಿಗೇರಿಸಿಕೊಂಡು, ಸೊಸೆಯ ಹೆಗಲು ಒತ್ತಿ ಅದೇ ಕುರ್ಚಿಯಲ್ಲಿ ಕೂರಿಸಿ, ಹೊರಗಿನ ಬೇವಿನ ಮರದ ನೆರಳಿಗೆ ನಡೆದರು. ಪೇಪರನ್ನು ನಿಂತೂ ಓದಬಹುದು. ನಾನು ಗೋಡೆಗೆ ಒರಗಿ ಓದಿದೆ.

ಆಮೇಲೂ ಅತ್ತೆ-ಸೊಸೆ ದಿನಾ ಅದೇ ಬಸ್ಸಿಗೆ ಬರುತ್ತಿದ್ದರು. ಮೊನ್ನೆ ಅವರ ಬಸ್ಸು ತಡವಾಗಿತ್ತು, ಕುರ್ಚಿಗಳೆಲ್ಲ ತುಂಬುತ್ತ ಬಂದಿದ್ದವು. ನಾನು ಹೆಗಲ ಮೇಲಿದ್ದ ಟವೆಲ್ ತೆಗೆದು ಆ ಕುರ್ಚಿಗೆ ಹಾಸಿ, ಬಾಗಿಲಲ್ಲಿ ಹೋಗಿ ನಿಂತೆ.