ಹನ್ನೆರಡು ಜನರ ಹಡಗು

ಅಥವಾ ಗೆಳೆಯನ ಜೊತೆ ಆ ಜಗಳ ನಡೆದದ್ದು ಚಳ್ಳಕೆರೆಯ ಅವನ ಸ್ಟುಡಿಯೋದಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿರಬಹುದು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಮದುವೆ ಫೋಟೋ ತೆಗೆಯುತ್ತಿದ್ದ ಆ ಗೆಳೆಯನೂ ನಾನೂ ದೂರದ ದ್ವೀಪಗಳಿಗೆ ಹಕ್ಕಿಗಳ ಫೋಟೋ ತೆಗೆಯಲು ಹೊರಟಿದ್ದೆವು. ಎರಡು ಹಡಗುಗಳ ಕರಪತ್ರಗಳು ಮುಂದಿದ್ದವು. ಅವನಿಗೆ ನೂರು ಜನರ ಹಡಗು ಬೇಕಿತ್ತು, ನನಗೆ ಹನ್ನೆರಡು ಜನರದು.

"ಸಣ್ಣದ್ರಾಗೆ ಎಲ್ರಿಗೂ ಒಂದೇ ಕಕ್ಕಸ್ಸು ಐತೆ ಕಣಲೇ," ಎಂದ.

"ನೂರು ಜನ ದಡಕ್ಕಿಳಿದ್ರೆ ಹಕ್ಕಿ ಕೂತಿರ್ತಾವೇನಲೇ? ವರವು ಕಾವಲ್‌ನಾಗೆ ನೀನೊಬ್ಬ ಎದ್ದು ನಿಂತಿದ್ದಕ್ಕೇ ಹಾರಿಹೋತಲ್ಲ!"

ಹಿಂದೊಮ್ಮೆ ಆ ಹುಲ್ಲುಗಾವಲಿನಲ್ಲಿ ಕುರಿಗಾಹಿಯೊಬ್ಬರು ನಮ್ಮಿಬ್ಬರನ್ನೂ ಕುರಿಗಳ ನಡುವೆ ಬಗ್ಗಿಸಿ ನಡೆಸುತ್ತ, ಎರೆಭೂತವೆಂಬ ದೊಡ್ಡ ಹಕ್ಕಿಯ ಹತ್ತಿರ ಕರೆದೊಯ್ದಿದ್ದರು. ಫೋಟೋ ತೆಗೆಯುವ ಮೊದಲೇ ಅದು ಹಾರಿತ್ತು.

"ಎದ್ದೋನು ನೀನು. ಕುರಿ ಗುದ್ದಿತು ಅಂತ ಕುಣಿದೋನು ನೀನು. ಹನ್ನೆರಡು ಜನ ಯಾಕಲೇ, ಕೆಡ್ಸಾಕೆ ನೀನೊಬ್ಬನೇ ಸಾಕು."

ನಾನು ಅವನ ಕರಪತ್ರವನ್ನು ಹರಿದುಹಾಕಿದೆ. ಸಣ್ಣ ಹಡಗಿನಲ್ಲಿ ಒಬ್ಬನೇ ಹೋಗಿ ಬಂದೆ. ಫೋಟೋಗಳು ಚೆನ್ನಾಗಿಯೇ ಬಂದವು, ಅವನಿಗೆ ತೋರಿಸಲಿಲ್ಲ. ಮತ್ತೆ ನಾವು ಮಾತಾಡಲೂ ಇಲ್ಲ. ಅಂದು ಎದ್ದವರು ಯಾರೆಂದು ಕುರಿಗಾಹಿಯನ್ನೇ ಕೇಳಬಹುದಿತ್ತು. ಅವರು ಗೆಳೆಯನ ಹೆಸರು ಹೇಳದಿದ್ದರೆ ಎಂಬ ಭಯಕ್ಕೆ ಕೇಳಲಿಲ್ಲ. ಕಾವಲಿನಲ್ಲಿ ಮೊದಲು ಎದ್ದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.