ಅತ್ತೆಯ ಮೂಗು, ಥೀಮ್ ಪಾರ್ಕಿನ ರೋಲ್

ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ರುಚಿ ನೋಡುವ ಪದ್ಧತಿ ಇಲ್ಲ. ಮೊದಲು ದೇವರಿಗೆ ನೈವೇದ್ಯ, ಆಮೇಲೆ ಮನುಷ್ಯರ ನಾಲಿಗೆ. ಹಾಗಾಗಿ ಹುಳಿಗೆ ಉಪ್ಪು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಕಣ್ಣು ಮತ್ತು ಮೂಗು. ನನ್ನ ಅತ್ತೆಯ ಮೂಗು ಈ ವಿದ್ಯೆಯಲ್ಲಿ ಪಳಗಿದ್ದು. ನಾನು ಮೈಸೂರಿನಿಂದ ಮದುವೆಯಾಗಿ ಚೆನ್ನೈಯ ಈ ಕನ್ನಡದವರ ಮನೆಗೆ ಬಂದ ಹೊಸದರಲ್ಲಿ ಅವರು ಹಾಲ್‌ನಲ್ಲಿ ಕೂತು ಹೂ ಕಟ್ಟುತ್ತಲೇ, "ಸಾರಿಗೆ ಉಪ್ಪು ಕಮ್ಮಿ ನೋಡು" ಎಂದು ಕೂಗುತ್ತಿದ್ದರು. ಉಪ್ಪಿಗೆ ವಾಸನೆಯೇ ಇಲ್ಲ ಎಂದು ನನ್ನ ಗಂಡ ವಿಜ್ಞಾನ ಹೇಳುತ್ತಾರೆ. ಇರಬಹುದು. ಆದರೆ ಅತ್ತೆ ಹೇಳಿದ್ದು ಒಂದು ದಿನವೂ ತಪ್ಪುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದದ್ದೂ ಅದಕ್ಕೇ.

ಆ ಮೂಗನ್ನು ಒಂದು ಜ್ವರ ಕಿತ್ತುಕೊಂಡಿತು. ಜ್ವರ ವಾರದಲ್ಲಿ ಹೋಯಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಪೋರೂರಿನ ಆಸ್ಪತ್ರೆಯ ಡಾಕ್ಟರು, ಬರುತ್ತದೆ, ಯಾವಾಗ ಎಂದು ಹೇಳಲಾಗುವುದಿಲ್ಲ, ದಿನಾ ನಾಲ್ಕು ವಾಸನೆ ಮೂಸಿ ಅಭ್ಯಾಸ ಮಾಡಲಿ ಎಂದರು. ನಾಲ್ಕು ಪುಟ್ಟ ಸ್ಟೀಲ್ ಡಬ್ಬಿಗಳಲ್ಲಿ ಲವಂಗ, ನಿಂಬೆ ಸಿಪ್ಪೆ, ಕಾಫಿಪುಡಿ, ಪಚ್ಚ ಕರ್ಪೂರ ಇಟ್ಟೆ. ಅತ್ತೆ ಸ್ನಾನ ಮುಗಿಸಿ ಜಪಕ್ಕೆ ಕೂತ ಹಾಗೆ ಕೂತು ಒಂದೊಂದನ್ನೇ ಮೂಸುತ್ತಿದ್ದರು. "ಏನಾದ್ರೂ ಗೊತ್ತಾಯ್ತಾ?" ಎಂದು ನಾನು ಕೇಳುವುದು, "ಒಂದೂ ಇಲ್ಲ, ಸುಮ್ಮಾ ಮೂಸಿದ್ದೇ ಬಂತು" ಎಂದು ಅವರು ಹೇಳುವುದು.

ಊಟ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಎಲ್ಲವೂ ಮಣ್ಣು ತಿಂದ ಹಾಗಿದೆ ಎನ್ನುತ್ತಿದ್ದರು. ಎರಡು ತುತ್ತು ಮೊಸರನ್ನ ತಿಂದು "ಪೋದುಂ" ಎಂದು ತಟ್ಟೆ ಸರಿಸಿದರೆ ಮುಗಿಯಿತು, ಅಲ್ಲಿಗೆ ಸಾಕು ಎಂದು ಅರ್ಥ. ಅವರ ಕೈಯ ಒಂಟಿ ಚಿನ್ನದ ಬಳೆ ಕೈ ಎತ್ತಿದರೆ ಮೊಣಕೈವರೆಗೂ ಜಾರತೊಡಗಿತು. ನನಗೆ ಭಯವಾಗಿತ್ತು. ಇಪ್ಪತ್ತು ವರ್ಷ ಆ ಮೂಗಿಗೆ ಮನಸ್ಸಿನಲ್ಲೇ ಶಾಪ ಹಾಕಿದವಳು ನಾನು. ಈಗ ಅಡುಗೆಮನೆಯಲ್ಲಿ ನಿಂತು, ಹಾಲ್‌ನಿಂದ ಯಾರಾದರೂ ತಪ್ಪು ಹುಡುಕಲಿ ಎಂದು ಕಾಯುತ್ತಿದ್ದೆ.

ಹೀಗಿರುವಾಗ ನನ್ನ ಗಂಡನ ಆಫೀಸಿನವರು ಕುಟುಂಬಗಳನ್ನೆಲ್ಲ ಊರಾಚೆಯ ಒಂದು ಥೀಮ್ ಪಾರ್ಕಿಗೆ ಕರೆದುಕೊಂಡು ಹೋದರು. ಅತ್ತೆ "ವೇಂಡಾ ವೇಂಡಾ" ಎಂದರೂ ಹದಿನೈದು ವರ್ಷದ ನನ್ನ ಮಗಳು ಬಿಡದೆ ಬಸ್ಸು ಹತ್ತಿಸಿದಳು. ಅವಳಿಗೆ ಆ ಪಾರ್ಕಿನಲ್ಲಿ ಪ್ರಿಯವಾದದ್ದು ರಾಟೆಯೂ ಅಲ್ಲ, ಅಲೆಯ ಕೊಳವೂ ಅಲ್ಲ, ಅಲ್ಲಿಯ ಮಟನ್ ರೋಲ್. ಹೌದು, ನನ್ನ ಮಗಳು ಹೊರಗೆ ಮಾಂಸ ತಿನ್ನುತ್ತಾಳೆ. ಎರಡು ವರ್ಷದ ಹಿಂದೆ ಗೊತ್ತಾದಾಗ ಕೂಗಾಡಿದೆ, ಕಣ್ಣೀರು ಹಾಕಿದೆ, ಕೊನೆಗೆ ಒಂದು ಒಪ್ಪಂದಕ್ಕೆ ಬಂದೆ. ಹೊರಗೆ ಏನು ಬೇಕಾದರೂ ತಿನ್ನು, ಮನೆಗೆ ತರಬೇಡ, ಅಜ್ಜಿಗೆ ಗೊತ್ತಾಗಕೂಡದು. ಅವರಪ್ಪನೂ ಹೂಂ ಅಂದಿದ್ದರು.

ಮಧ್ಯಾಹ್ನ ಎಲ್ಲರಿಗೂ ಹಸಿವಾಯಿತು. ನಾನು ಹೋಗಿ ಮಗಳಿಗೆ ಮಟನ್ ರೋಲ್, ಅತ್ತೆಗೆ ಮೀಲ್ ಮೇಕರ್ ರೋಲ್ ಹೇಳಿದೆ. ಸೋಯಾದ ಒಣ ಉಂಡೆಗಳನ್ನು ಚೆನ್ನೈಯಲ್ಲಿ ಮೀಲ್ ಮೇಕರ್ ಎನ್ನುತ್ತಾರೆ, ಅದನ್ನೇ ಪುಡಿ ಮಾಡಿ ಮಸಾಲೆ ಹಾಕಿ ಪರೋಟದಲ್ಲಿ ಸುತ್ತಿ ಕೊಡುವುದು. ಎರಡಕ್ಕೂ ಒಂದೇ ಬಗೆಯ ಕಾಗದ. ಕೊಡುವವನು "ಲೆಫ್ಟು ವೆಜ್" ಎಂದು ಹೇಳಿಯೇ ಕೊಟ್ಟ. ನನ್ನ ಹೆಗಲಿಗೆ ಒದ್ದೆ ಬಟ್ಟೆಯ ಚೀಲ, ಕಂಕುಳಲ್ಲಿ ನೀರಿನ ಬಾಟಲಿ. ಅವನು ಹೇಳಿದ್ದು ಅವನ ಎಡವೋ ನನ್ನ ಎಡವೋ ಎಂದು ಯೋಚಿಸುವ ವ್ಯವಧಾನವಿರಲಿಲ್ಲ. ನನ್ನ ಎಡಗೈಯಲ್ಲಿದ್ದದ್ದನ್ನು ಅತ್ತೆಗೆ ಕೊಟ್ಟೆ.

ಮಗಳು ಗೆಳತಿಯರ ಜೊತೆ ಹರಟುತ್ತ ನಿಧಾನವಾಗಿ ಕಾಗದ ಬಿಚ್ಚಿದಳು. ಒಂದು ಸಲ ಕಚ್ಚಿ ನನ್ನ ಕಿವಿಯ ಹತ್ತಿರ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಮಾತ್ರ ತಮಿಳು. "ಅಮ್ಮಾ, ಇದು ಎನ್ನುದು ಇಲ್ಲೆ. ಇದು ಮೀಲ್ ಮೇಕರ್" ಎಂದಳು. ಅವಳದ್ದಲ್ಲದ ರೋಲ್ ಅವಳ ಕೈಯಲ್ಲಿದ್ದರೆ, ಅವಳದ್ದು ಎಲ್ಲಿದೆ? ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, ಕಾಗದವನ್ನು ನಾಲ್ಕಾಗಿ ಮಡಚುತ್ತಿದ್ದರು.

"ಚೆನ್ನಾಗಿತ್ತು ಕಣೆ," ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು. "ನಾಲಿಗೆಗೆ ಅಲ್ಲ, ಮೂಗಿನ ಹಿಂದ್ಗಡೆ ಎಲ್ಲೋ ವಾಸನೆ ಒಂದು ಎಳೆ ಬಂದ ಹಾಗಾಯ್ತು. ಬಂತು, ಹೋಯ್ತು."

ನನಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟ ಹಾಗಾಯಿತು. ಎಪ್ಪತ್ತೆರಡನೆಯ ವಯಸ್ಸಿನಲ್ಲೂ ಏಕಾದಶಿ ತಪ್ಪಿಸದ, ಹೊರಗೆ ಈರುಳ್ಳಿ ತಿಂದರೂ ಮನಸ್ಸಿನಲ್ಲೇ ದೇವರ ಕ್ಷಮೆ ಕೇಳುವ ಹೆಂಗಸಿಗೆ ನಾನು ನನ್ನ ಕೈಯಾರೆ ಮಾಂಸ ತಿನ್ನಿಸಿದ್ದೆ. ವಾಪಸು ಬರುವಾಗ ಗಂಡನಿಗೆ ಗುಟ್ಟಾಗಿ ಹೇಳಿದೆ. ಬಸ್ಸು ತಾಂಬರಂ ದಾಟುವವರೆಗೂ ಅವರು ಕಿಟಕಿಯ ಆಚೆಯ ಬೋರ್ಡುಗಳನ್ನು ಓದುತ್ತ ಕೂತರು. ಆಮೇಲೆ, "ತಿಳೀದೆ ತಿಂದಿದ್ದಕ್ಕೆ ದೋಷ ಇಲ್ಲ, ಹೇಳಿದ್ರೇ ದೋಷ" ಎಂದರು. ಹೇಳಿದರೆ ಮಗಳ ಗುಟ್ಟೂ ರಟ್ಟಾಗುತ್ತಿತ್ತು. ನಾನು ಸುಮ್ಮನಾದೆ.

ಸುಮ್ಮನಿರಲು ಅತ್ತೆ ಬಿಡಬೇಕಲ್ಲ. ಮಾರನೆಯ ಬೆಳಿಗ್ಗೆ ಡಬ್ಬಿ ಮೂಸಿ ಮುಗಿಸಿದವರೇ, "ಆ ರೋಲ್ ಮನೇಲಿ ಮಾಡಕ್ಕಾಗತ್ತಾ?" ಎಂದು ಕೇಳಿದರು. ಊಟದ ವಿಷಯದಲ್ಲಿ ಅವರು ಬಾಯಿ ಬಿಟ್ಟು ಏನಾದರೂ ಬೇಕು ಎಂದದ್ದು ಜ್ವರ ಬಂದ ಮೇಲೆ ಅದೇ ಮೊದಲು. ಮಸಾಲೆಗೆ ಈರುಳ್ಳಿ ಬೇಕಲ್ಲ ಎಂದು ನಾನು ನೆಪ ತೆಗೆದರೆ, ಅದಕ್ಕೂ ದಾರಿ ತೋರಿಸಿದರು. ದೇವರ ಒಲೆ ಬೇಡ, ವಾಷಿಂಗ್ ಮಷೀನ್ ಇರುವ ಬಾಲ್ಕನಿಯಲ್ಲಿ ಕರೆಂಟಿನ ಒಲೆ ಇಟ್ಟುಕೊಂಡು ಮಾಡು, ನೈವೇದ್ಯಕ್ಕಿಡುವ ಪದಾರ್ಥವಲ್ಲ, ಬೇಕಾದರೆ ರುಚಿಯನ್ನೂ ನೋಡಿಕೋ ಎಂದರು.

ಮೊದಲ ಸಲ ಮೀಲ್ ಮೇಕರನ್ನು ಬೇಯಿಸಿ ಹಾಗೇ ಮಸಾಲೆಗೆ ಹಾಕಿದೆ. ಅತ್ತೆ ಎರಡು ಸಲ ಅಗಿದು, ಚಪ್ಪಲಿ ಅಟ್ಟೆಗೆ ಯಾಕೆ ಮಸಾಲೆ ಹಚ್ಚಿದ್ದೀಯ ಎಂದರು. ಎರಡನೆಯ ಸಲ ಎಳೆ ಹಲಸಿನಕಾಯಿ. "ಇದು ಪಲ್ಯ ಸುತ್ತಿದ ಚಪಾತಿ, ನನಗೆ ಗೊತ್ತಿಲ್ವಾ" ಎಂದರು. ನಿಜವಾದ ರುಚಿ ಗೊತ್ತಿದ್ದದ್ದು ಮನೆಯಲ್ಲಿ ಒಬ್ಬಳಿಗೆ ಮಾತ್ರ. ಹಾಗಾಗಿ ನನ್ನ ಮಗಳು ಗುಟ್ಟಿನ ಸಲಹೆಗಾರಳಾದಳು. ಬಾಲ್ಕನಿಯ ಬಾಗಿಲು ಮುಚ್ಚಿಕೊಂಡು, ಅವಳು ಚಮಚ ನೆಕ್ಕಿ ಪುಳಿಪ್ಪು ಕಮ್ಮಿ ಎಂದರೆ ನಾನು ನಿಂಬೆ ಹಿಂಡುತ್ತಿದ್ದೆ, ಕಾರಂ ಪತ್ತಾದು ಎಂದರೆ ಮೆಣಸು ಕುಟ್ಟುತ್ತಿದ್ದೆ. ಅಮ್ಮನಿಗೆ ಮಾಂಸದ ರುಚಿ ಪಾಠ ಮಾಡುವ ಮಗಳು, ಅಜ್ಜಿಗೆ ಕೇಳಿಸೀತೆಂದು ಪಿಸುಗುಡುವ ತಾಯಿ. ಇದನ್ನು ನಮ್ಮಮ್ಮ ಕಂಡಿದ್ದರೆ ಇಬ್ಬರಿಗೂ ಪೊರಕೆ ಸೇವೆ ಆಗುತ್ತಿತ್ತು.

ಮೂರು ತಿಂಗಳು ಹೀಗೇ ನಡೆಯಿತು. ಕೊನೆಗೆ ಒಂದು ಹದಕ್ಕೆ ಬಂದೆವು. ಮೀಲ್ ಮೇಕರನ್ನು ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ, ಒರಟಾಗಿ ರುಬ್ಬಿ, ತುಪ್ಪದಲ್ಲಿ ಕೆಂಪಗೆ ಹುರಿಯಬೇಕು. ಈರುಳ್ಳಿ ಅಂಚು ಕಪ್ಪಾಗುವವರೆಗೂ ಬಾಣಲೆಯಲ್ಲಿ ಬಿಡಬೇಕು. ಸೋಂಪು, ಮೆಣಸು, ಸುಟ್ಟ ಟೊಮೇಟೊ. ಇಳಿಸುವ ಮುಂಚೆ ನಡುವೆ ಒಂದು ಬಟ್ಟಲಿಟ್ಟು, ಕೆಂಡ ಹಾಕಿ, ಮೇಲೆ ತುಪ್ಪ ಬಿಟ್ಟು ಮುಚ್ಚಿದರೆ ಹೊಗೆ ಹಿಡಿಯುತ್ತದೆ. ಮಗಳು ತಿಂದು, ಪರವಾಯಿಲ್ಲೆ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಬಿರುದು. ಅತ್ತೆ ಒಂದು ಪೂರ್ತಿ ರೋಲ್ ತಿಂದು, "ಹತ್ತಿರ ಬಂದಿದೀಯ. ಆದರೆ ಆ ಎಳೆ ಇಲ್ಲ" ಎಂದರು. ಎಳೆ ಇಲ್ಲದಿದ್ದರೂ ತಿನ್ನುತ್ತಿದ್ದರು ಎಂಬುದೇ ನನಗೆ ಸಾಕಿತ್ತು. ಕೈ ಎತ್ತಿದರೂ ಬಳೆ ಈಗ ಮೊಣಕೈವರೆಗೆ ಜಾರುತ್ತಿರಲಿಲ್ಲ. ಆದರೆ ಅವರು ಒಂದೊಂದು ಸಲ "ಆ ರೋಲ್" ಎಂದಾಗಲೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ನನ್ನದು.

ಒಂದು ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ನಾನು ತರಕಾರಿ ಹೆಚ್ಚುತ್ತಿದ್ದೆ. ವೇಲಚೇರಿಯ ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಗೆ ಕೆಳಗಿನ ಮನೆಯ ಕಿಟಕಿ ನೇರ. ಭಾನುವಾರ ಅವರು ಮಟನ್ ಸಾರು, ಅವರ ಮಾತಲ್ಲಿ ಕುಳಂಬು, ಮಾಡುತ್ತಾರೆ. ಮೊದಲೆಲ್ಲ ಹತ್ತೂವರೆಗೇ ಅತ್ತೆ ಬಂದು ಕಿಟಕಿ ಮುಚ್ಚುತ್ತಿದ್ದರು. ಮೂಗು ಹೋದ ಮೇಲೆ ಅದನ್ನು ಮುಚ್ಚುವವರು ಯಾರೂ ಇರಲಿಲ್ಲ. ಆ ದಿನ ಅತ್ತೆ ನೀರು ಕುಡಿಯಲು ಬಂದವರು ಲೋಟ ಹಿಡಿದು ಹಾಗೇ ನಿಂತರು.

"ಕೆಳಗಿನ ಮನೇಲಿ ಕುಳಂಬು ಕುದೀತಿದೆ," ಎಂದರು.

ನಾನು ಚಾಕು ಬಿಸಾಡಿ ಕೂಗಿಕೊಂಡೆ. ಗಂಡ ಓಡಿ ಬಂದರು, ಮಗಳು ಓಡಿ ಬಂದಳು. ಲವಂಗದ ಡಬ್ಬಿ ತಂದು ಕೊಟ್ಟೆ. ಮೂಸಿದರು, ಲವಂಗ ಎಂದರು. ಕಾಫಿ ಎಂದರು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಗಂಡ ನನ್ನ ಬೆನ್ನು ತಟ್ಟುತ್ತ ನಿಂತಿದ್ದರು. ಅತ್ತೆ ಮಾತ್ರ ಸಂಭ್ರಮ ಪಡದೆ ಮತ್ತೆ ಕಿಟಕಿಯ ಹತ್ತಿರ ಹೋದರು. ಕಣ್ಣು ಮುಚ್ಚಿ ಇನ್ನೊಂದು ಸಲ ಉಸಿರೆಳೆದರು.

"ಆವತ್ತು ಬಂದ ಎಳೆ ಇದೇ," ಎಂದರು. "ಆ ರೋಲಿಂದು."

"ಮಸಾಲೆ ಒಂದೇ ಇರ್ಬೇಕಮ್ಮ, ನೀನು ತಿಂದಿದ್ದು ಮೀಲ್ ಮೇಕರ್," ಎಂದರು ನನ್ನ ಗಂಡ, ಸ್ವಲ್ಪ ಬೇಗನೇ.

ಅತ್ತೆ ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಈ ಮೂಗು ಬರಲೆಂದು ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಬಂದದ್ದೇ ನನ್ನನ್ನು ಹಿಡಿದು ಕೊಟ್ಟಿತು.

"ಹೌದು," ಎಂದೆ. "ಮಟನ್ನು. ನಾನೇ ಕೈ ಅದಲು ಬದಲು ಮಾಡಿದೆ. ಇವಳಿಗೆ ಅಂತ ತಗೊಂಡಿದ್ದು ನಿಮಗೆ ಬಂತು."

ಮಗಳು ನೆಲ ನೋಡಿದಳು. ಅತ್ತೆ ಲೋಟ ಕೆಳಗಿಟ್ಟು, ಕಿಟಕಿ ಮುಚ್ಚಿ, ಸ್ನಾನಕ್ಕೆ ಹೋದರು. ಆ ದಿನ ಊಟ ಮಾಡಲಿಲ್ಲ. ದೇವರ ಮುಂದೆ ಕೂತವರು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ. ತುಳಸಿ ತೀರ್ಥ ಬಿಟ್ಟು ಏನನ್ನೂ ಬಾಯಿಗೆ ಹಾಕಲಿಲ್ಲ. ಮತ್ತೆ ಊಟ ಬಿಟ್ಟುಬಿಟ್ಟರೆ ಏನು ಗತಿ ಎಂದು ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ.

ಸೋಮವಾರ ಬೆಳಿಗ್ಗೆ ಅವರೇ ಕಾಫಿ ಕೇಳಿದರು. ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದು, ಆಮೇಲೆ ಕುಡಿದರು.

"ತಿಳೀದೆ ತಿಂದಿದ್ದನ್ನ ದೇವರು ನೋಡ್ಕೋತಾನೆ," ಎಂದರು. "ನೀನು ತಿಳಿದೂ ಮೂರು ತಿಂಗಳು ಸುಮ್ನಿದ್ದೆಯಲ್ಲ, ಅದನ್ನ ಯಾರು ನೋಡ್ಕೋಬೇಕು?"

ತಪ್ಪಾಯಿತು ಎಂದೆ. ನೀವು ಇನ್ನೇನೂ ತಿನ್ನುವುದಿಲ್ಲವೇನೋ ಎಂದು ಭಯವಾಯಿತು ಎಂದೆ. ಹುಡುಗಿಯನ್ನು ಬೈಯಬೇಡಿ ಎಂದೂ ಸೇರಿಸಿದೆ.

"ಅವಳ ವಿಷಯ ಹೊಸದಾ? ಮೂಗು ಹೋಗೋಕೆ ಮುಂಚೇನೇ ಗೊತ್ತು ನನಗೆ. ಬಾಯಿ ತುಂಬ ಸೋಂಪು ಅಗಿಯುತ್ತಾ ಮನೆಗೆ ಬಂದರೆ ಯಾರಿಗೆ ತೆರಿಯಾದು, ಗೊತ್ತಾಗದೇ ಇರತ್ತಾ?" ಎಂದರು. "ಮನೆಗೆ ತರ್ಲಿಲ್ಲ, ಶರಿ ಅಂತ ಬಿಟ್ಟೆ. ನೀನೇ ಹೇಳ್ತೀಯ ಅಂತ ಕಾದೆ. ಅದನ್ನೂ ನೀನು ಹೇಳ್ಲಿಲ್ಲ."

ಆ ಕೊನೆಯ ಮಾತಿಗೆ ನನಗೆ ತಲೆ ಎತ್ತಲಾಗಲಿಲ್ಲ. ಅವರು ಲೋಟ ನನ್ನ ಕೈಗೆ ಕೊಟ್ಟು ಹೂವಿನ ಬುಟ್ಟಿ ಎಳೆದುಕೊಂಡರು. ದಾರ ಹಿಡಿದು ನಾಲ್ಕು ಹೂ ಕಟ್ಟಿದ ಮೇಲೆ, "ಸಂಜೆ ರೋಲ್ ಮಾಡು," ಎಂದರು. "ಅದಲ್ಲ. ನಿಂದು."

ಸಂಜೆ ಬಾಲ್ಕನಿಯಲ್ಲಿ ಒಲೆ ಹಚ್ಚಿದೆ. ಬಾಗಿಲು ಮುಚ್ಚಲಿಲ್ಲ. ಮೀಲ್ ಮೇಕರ್ ಹಿಂಡಿದೆ, ತುಪ್ಪದಲ್ಲಿ ಹುರಿದೆ, ಈರುಳ್ಳಿ ಕಪ್ಪಾಗಲು ಬಿಟ್ಟೆ, ಕೆಂಡದ ಹೊಗೆ ಹಿಡಿಸಿದೆ. ಮಗಳು ಅಜ್ಜಿಯ ಪಕ್ಕ ಕೂತು ಮಲ್ಲಿಗೆ ಎತ್ತಿ ಕೊಡುತ್ತಿದ್ದಳು. ಮುಚ್ಚಳ ತೆಗೆದು, ಯಾವತ್ತಿನ ಹಾಗೆ ರುಚಿ ನೋಡಲು ಚಮಚದ ತುದಿಗೆ ಸ್ವಲ್ಪ ತೆಗೆದುಕೊಂಡೆ.

"ಉಪ್ಪು ಕಮ್ಮಿ," ಎಂದು ಹಾಲ್‌ನಿಂದ ಕೂಗಿದರು ಅತ್ತೆ.

ನಾನು ಚಮಚ ಕೆಳಗಿಟ್ಟೆ. ರುಚಿ ನೋಡದೆಯೇ ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ.