ಅನಂತರಾಮು ಅವರ ಆಪದ್ಧನ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಅಕ್ತರ್ ಬಟ್ಟೆ ಅಂಗಡಿಯ ಮುಂದೆ, ಅನಂತರಾಮು ಒಬ್ಬ ಹೆಂಗಸಿನ ಮೇಲೆ ರೇಗಿದರು. "ಸ್ವಲ್ಪ ಜರುಗಮ್ಮಾ, ಫುಟ್‌ಪಾತ್ ನಿಮ್ಮಪ್ಪಂದಾ?" ಆಕೆ ಜರುಗಲಿಲ್ಲ. ಛತ್ರಿಯ ತುದಿಯಿಂದ ತಿವಿದರು. ಆಕೆ ಸೀರೆಸಮೇತ ಉರುಳಿದಳು, ಒಂದು ಕೈ ಕಳಚಿ ಪಕ್ಕದ ಸೊಪ್ಪಿನ ಗಾಡಿಗೆ ಬಿತ್ತು. ಅಂಗಡಿಯ ಬೊಂಬೆ!

ಅಕ್ತರ್ ಕೈ ಹೆಕ್ಕಿಕೊಳ್ಳುತ್ತ ಅಂದ: "ಹೋದ ವಾರ ಇದಕ್ಕೇ ನಮಸ್ಕಾರ ಹೊಡೆದ್ರಿ ಸಾರ್, ಇವತ್ತು ಇದನ್ನೇ ಹೊಡೆದ್ರಿ. ಕಣ್ಣು ತೋರ್ಸಿ."

ತೋರಿಸಿ ಆಗಿತ್ತು. ಎರಡು ಕಣ್ಣಿಗೂ ಪೊರೆ. ಇನ್ನು ತಡಮಾಡಿದರೆ ದೃಷ್ಟಿಯೇ ಹೋದೀತು ಎಂದು ಡಾಕ್ಟರ್ ಹೇಳಿಯೂ ಆಗಿತ್ತು. ಹುಡುಗುಪ್ರಾಯದಿಂದ ಇವರನ್ನು ಪೊರೆದದ್ದು ಒಂದು ಸರ್ಕಾರಿ ಕಾರ್ಖಾನೆ: ಕ್ಯಾಂಟೀನಿನ ಅಗ್ಗದ ಊಟ, ಮನೆ ಬಾಗಿಲಿಗೆ ಬಸ್ಸು, ನಿವೃತ್ತಿಯ ಮೇಲೆ ಪಿಂಚಣಿ, ಗಂಡಹೆಂಡಿರಿಬ್ಬರಿಗೂ ಸಾಯುವತನಕ ಪುಕ್ಕಟೆ ಚಿಕಿತ್ಸೆಯ ಕಾರ್ಡು. ಸರ್ಕಸ್ಸಿನವರಿಗೂ ಇಲ್ಲದಷ್ಟು ಬಲೆ ಕೆಳಗಿದ್ದ ಈ ಮಹಾನುಭಾವರು ಜನ್ಮದಲ್ಲಿ ಒಂದು ಸ್ಟೂಲೂ ಹತ್ತಿದವರಲ್ಲ.

ಆದರೂ ಜೀವನ್ ಬಿಮಾ ನಗರದ ಅವರ ಮನೆಯಲ್ಲಿ ಒಂದೇ ಮಂತ್ರ: ಆಪತ್ತಿಗಿರಲಿ. ಡಿಪಾಸಿಟ್ಟು ಮುಗಿದರೆ ಬಡ್ಡಿಸಮೇತ ಮತ್ತೆ ಡಿಪಾಸಿಟ್ಟು. ಹೆಂಡತಿ ಅನಸೂಯಮ್ಮನ ಹಲ್ಲುನೋವಿಗೆ ಲವಂಗ. ಕಾರ್ಡೂ ಅಷ್ಟೇ, ಪ್ಲಾಸ್ಟಿಕ್ ಕವರಿನಲ್ಲಿ ಬೀರುವಿನೊಳಗೆ ಭದ್ರ. ಸಣ್ಣಪುಟ್ಟದ್ದಕ್ಕೆಲ್ಲ ಬಳಸಿದರೆ ದೊಡ್ಡ ಕಾಯಿಲೆಗೆ ಏನುಳಿಯುತ್ತದೆ ಎಂಬುದು ವಾದ. ಕಾರ್ಡೇನು ಉಪ್ಪಿನಕಾಯಿ ಜಾಡಿಯೇ, ತೋಡಿದಷ್ಟೂ ತಳ ಕಾಣಲು?

ಬೊಂಬೆಗೆ ಕೈ ಸಿಕ್ಕಿಸುತ್ತಿದ್ದ ಅಕ್ತರ್‌ಗೂ ತಡೆಯಲಾಗಲಿಲ್ಲ. "ನಮ್ಗೆ ಯಾರು ಸಾರ್ ಪೆನ್ಷನ್ ಕೊಡ್ತಾರೆ? ಶಟರ್ ಎಳೆದ್ರೆ ಊಟ ಬಂದ್. ಅದಕ್ಕೇ ನಾನು, ನನ್ ಹೆಂಡ್ತಿ ಜಹನಾರಾ ಕೂಡಿಟ್ವಿ. ಅವಳ ಕಣ್ಣಿಗೆ ಪೊರೆ ಬಂತು, ದುಡ್ಡು ತೆಗೆದು ಕೊಟ್ವಿ, ಆಪರೇಷನ್ ಆಯ್ತು. ನಿಮ್ಗೆ ತಿಂಗಳಾ ತಿಂಗಳಾ ಬರುತ್ತೆ, ಆಸ್ಪತ್ರೆ ಪುಕ್ಕಟೆ. ಇನ್ಯಾವ ಆಪತ್ತಿಗೆ ಕಾಯ್ತಿದೀರಾ?"

"ವ್ಯಾಪಾರದವರಿಗೆ ಇದೆಲ್ಲ ತಿಳಿಯಲ್ಲ ಕಣಯ್ಯಾ," ಎಂದು ಅನಂತರಾಮು ಅಂಗಡಿಯ ಕಂಬಕ್ಕೆ ಹೇಳಿದರು.

ಬೊಂಬೆಯ ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು. ಅನಸೂಯಮ್ಮ ಬೀರು ತೆಗೆದು ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ನಿಂತಿದ್ದರು. "ಇವತ್ತು ಬೊಂಬೆ, ನಾಳೆ ಬಸ್ಸು. ನಡೀರಿ."

ಬಲಗಣ್ಣಿನ ಆಪರೇಷನ್ ಆಯಿತು. ಮಾರನೆಯ ದಿನ ಡಾಕ್ಟರ್ ಶಾಂಭವಿ ಪಟ್ಟಿ ಬಿಚ್ಚಿದಾಗ ಎದುರಿಗೆ ಹೆಂಡತಿಯ ಮುಖ.

"ಅಯ್ಯೋ, ಮುಂದಿನ ಹಲ್ಲೆಲ್ಲೇ?"

"ಹೋಗಿ ಎರಡು ವರ್ಷ ಆಯ್ತು. ಲವಂಗ ಇಟ್ಕೊಂಡು ಕಾದೆ, ಹಲ್ಲು ಕಾಯ್ಲಿಲ್ಲ."

ಡಾಕ್ಟರ್ ನಗು ನುಂಗಿಕೊಂಡರು. "ನೋಡಿದ್ರಾ ಸಾರ್, ಎಷ್ಟು ಸುಲಭವಾಗಿ ಆಯ್ತು! ಒಂದು ರೂಪಾಯಿ ಖರ್ಚಿಲ್ಲ. ಎಡಗಣ್ಣಿಗೆ ಯಾವಾಗ ಬರ್ತೀರಾ?"

ಅನಂತರಾಮು ಹೊಸ ಕಣ್ಣಿನಿಂದ ಕಾರ್ಡನ್ನು ಹಿಂದುಮುಂದು ಮಾಡಿ ನೋಡಿ, ಜೇಬಿಗಿಳಿಸಿದರು.

"ನೋಡೋಕೆ ಒಂದು ಸಾಕು ಡಾಕ್ಟ್ರೇ. ಇನ್ನೊಂದು ಆಪತ್ತಿಗಿರಲಿ."